ಕೆಚ್ಚಲು ಗಟ್ಟಿಯಾಗುವಂತೆ ರಕ್ತನಾಳವೂ ಗಟ್ಟಿಯಾಗುತ್ತದೆ



ಹಸು ಒಂದು ಹೊತ್ತು ಮೇವು ಬಿಟ್ಟರೆ ನೀವು ಸುಮ್ಮನಿರುವುದಿಲ್ಲ. ಮೂಗು ಒಣಗಿದೆಯೇ, ಕಿವಿ ತಣ್ಣಗಿದೆಯೇ, ಮೆಲುಕು ಹಾಕುತ್ತಿದೆಯೇ ಎಂದು ನೋಡಿ ತಕ್ಷಣ ಫೋನ್ ಮಾಡುತ್ತೀರಿ. ಹೈನುಗಾರಿಕೆ ನಿಂತಿರುವುದೇ ಈ ಎಚ್ಚರದ ಮೇಲೆ. ಆದರೆ ಅದೇ ಅಕ್ಕಂದಿರನ್ನು "ನೀವು ಬಿಪಿ ನೋಡಿಸಿ ಎಷ್ಟು ದಿನವಾಯಿತು?" ಎಂದು ಕೇಳಿದರೆ, "ನನಗೇನಾಗಿದೆ ಡಾಕ್ಟ್ರೇ, ಕೆಲಸ ಮಾಡ್ಕೊಂಡು ಚೆನ್ನಾಗೇ ಇದೀನಲ್ಲ" ಎನ್ನುತ್ತಾರೆ.

ಚೆನ್ನಾಗಿದ್ದಾಗಲೇ ಒಳಗೆ ಶುರುವಾಗುವ ಒಂದು ಕಾಯಿಲೆಯ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ಅದು ರಕ್ತನಾಳಗಳು ಗಟ್ಟಿಯಾಗುವ ಕಾಯಿಲೆ. ಹೃದಯಾಘಾತಕ್ಕೂ ಲಕ್ವ ಹೊಡೆಯುವುದಕ್ಕೂ ಬಹುಪಾಲು ಇದೇ ಮೂಲ. ನಾನು ಪಶುವೈದ್ಯಾಧಿಕಾರಿ, ಮನುಷ್ಯರಿಗೆ ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಆದರೆ ಹಸುವಿನ ರಕ್ತನಾಳಕ್ಕೂ ನಮ್ಮ ರಕ್ತನಾಳಕ್ಕೂ ಗೋಡೆ ಕಟ್ಟಿರುವ ರೀತಿ ಒಂದೇ. ಕೆಚ್ಚಲು ಬಾವು ನೋಡಿ ಬಲ್ಲ ನಿಮಗೆ ಈ ಕಾಯಿಲೆ ಅರ್ಥವಾಗುವುದು ಕಷ್ಟವೇನಲ್ಲ.

ಬೋರ್‌ವೆಲ್ ಪೈಪಿನ ಹೋಲಿಕೆ ಸಾಲದು

ರಕ್ತನಾಳ ಗಟ್ಟಿಯಾಗುವುದೆಂದರೆ ಗಡಸು ನೀರಿನ ಬೋರ್‌ವೆಲ್ ಪೈಪಿನಲ್ಲಿ ಬಿಳಿ ಪೊರೆ ಕಟ್ಟಿದ ಹಾಗೆ ಎಂದು ಹಲವರು ತಿಳಿದಿದ್ದಾರೆ. ಕೊಬ್ಬು ಹರಿದು ಬಂತು, ಗೋಡೆಗೆ ಅಂಟಿತು, ದಾರಿ ಕಟ್ಟಿತು ಎಂಬ ಲೆಕ್ಕ. ಪೈಪಿಗೆ ಈ ಲೆಕ್ಕ ಸರಿ. ಪೈಪಿಗೆ ಜೀವವಿಲ್ಲ, ಪೊರೆ ಕಟ್ಟಿದರೆ ಕಟ್ಟಿಸಿಕೊಂಡು ಸುಮ್ಮನಿರುತ್ತದೆ.

ರಕ್ತನಾಳಕ್ಕೆ ಜೀವವಿದೆ. ಅದರ ಗೋಡೆಯಲ್ಲಿ ಲಕ್ಷಾಂತರ ಜೀವಕೋಶಗಳು ಹಗಲಿರುಳು ಕೆಲಸ ಮಾಡುತ್ತಿರುತ್ತವೆ. ಹಸುವಿನ ಲೆಕ್ಕದಲ್ಲೇ ನೋಡಿ. ಒಂದು ಲೀಟರ್ ಹಾಲು ತಯಾರಾಗಲು ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು. ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ ನಾಲ್ಕೈದು ಸಾವಿರ ಲೀಟರ್ ರಕ್ತ ಕೆಚ್ಚಲಲ್ಲಿ ಓಡಾಡುತ್ತದೆ. ಅಷ್ಟು ರಕ್ತಕ್ಕೆ ಬೇಕೆಂದಾಗ ಅಗಲವಾಗಿ, ಬೇಡವೆಂದಾಗ ಕುಗ್ಗಿ ದಾರಿ ಮಾಡಿಕೊಡುವುದು ಆ ಗೋಡೆಯ ಜೀವಕೋಶಗಳೇ. ಗಟ್ಟಿಯಾಗುವ ಕಾಯಿಲೆಯಲ್ಲಿ ಕೈ ಸೇರಿಸುವುದೂ ಇವೇ ಜೀವಕೋಶಗಳು.

ಗೋಡೆಯ ಮೂರು ಪದರ

ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ ಮೂರು ಪದರಗಳಿವೆ. ಹೊರಗಿನದು ಹಿಡಿದಿಡುವ ಪದರ. ನಡುವಿನದು ಸ್ನಾಯು ಕೋಶಗಳ ಪದರ. ನಾಳ ಹಿಗ್ಗುವುದು, ಕುಗ್ಗುವುದು ಇದರಿಂದ. ಒಳಗಿನದು ರಕ್ತಕ್ಕೆ ತಾಗಿಕೊಂಡಿರುವ ಒಳಪೊರೆ. ಇದರ ದಪ್ಪ ಒಂದೇ ಒಂದು ಜೀವಕೋಶದಷ್ಟು.

ಇಷ್ಟು ತೆಳುವಾದ ಒಳಪೊರೆಗೆ ಏನು ಕೆಲಸವಿದ್ದೀತು ಎಂದು ಬಹಳ ಕಾಲ ವಿಜ್ಞಾನಿಗಳೂ ಅಂದುಕೊಂಡಿದ್ದರು. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಅವರು ಮೊಲದ ದೊಡ್ಡ ರಕ್ತನಾಳದ ಮೇಲೆ ನಡೆಸಿದ ಪ್ರಯೋಗ ಇದನ್ನು ಬದಲಿಸಿತು. ಒಳಪೊರೆ ಇರುವ ನಾಳಕ್ಕೆ ಒಂದು ಔಷಧಿ ಹಾಕಿದರೆ ಅದು ಸಡಿಲವಾಗುತ್ತಿತ್ತು. ಒಳಪೊರೆ ಉಜ್ಜಿ ಹೋಗಿದ್ದ ನಾಳಕ್ಕೆ ಅದೇ ಔಷಧಿ ಹಾಕಿದರೆ ಸಡಿಲವಾಗುತ್ತಿರಲಿಲ್ಲ. ಅಂದರೆ "ಸಡಿಲವಾಗು" ಎಂಬ ಅಪ್ಪಣೆ ಸ್ನಾಯುವಿಗೆ ಹೋಗುತ್ತಿದ್ದುದು ಒಳಪೊರೆಯಿಂದ. ಆ ಅಪ್ಪಣೆ ಒಯ್ಯುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದೆ ತಿಳಿಯಿತು. ಇದಕ್ಕಾಗಿ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎದೆನೋವಿನವರಿಗೆ ನಾಲಿಗೆ ಕೆಳಗೆ ಇಡಲು ವೈದ್ಯರು ಕೊಡುವ ಮಾತ್ರೆ ಕೆಲಸ ಮಾಡುವುದೂ ಇದೇ ಅನಿಲದ ಮೂಲಕ.

ಒಳಪೊರೆಗೆ ಇನ್ನೂ ಎರಡು ಕೆಲಸಗಳಿವೆ. ರಕ್ತ ನಾಳದೊಳಗೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಒಂದು. ಯಾವುದನ್ನು ಗೋಡೆಯೊಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಕಾಯುವುದು ಇನ್ನೊಂದು. ಮೊಲೆಯ ತುದಿಯ ಸಣ್ಣ ರಂಧ್ರ ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಕೆಚ್ಚಲಿನೊಳಗೆ ರೋಗಾಣು ಹೋಗುವುದಿಲ್ಲವಲ್ಲ, ಹಾಗೆ.

ಗೋಡೆಯೊಳಗಿನ ಬಾವು

ಕೆಚ್ಚಲು ಬಾವು ಹೇಗೆ ಬರುತ್ತದೆ ಎಂಬುದು ನಿಮಗೆ ಗೊತ್ತು. ಮೊಲೆತುದಿ ಗಾಯವಾಗುತ್ತದೆ, ರೋಗಾಣು ಒಳಹೋಗುತ್ತದೆ, ಅದನ್ನು ಕೊಲ್ಲಲು ಬಿಳಿ ರಕ್ತಕಣಗಳು ಗುಂಪಾಗಿ ಬರುತ್ತವೆ. ಬೇಗ ಚಿಕಿತ್ಸೆ ಕೊಡಿಸಿದರೆ ವಾಸಿಯಾಗುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಹಾಲು ತಯಾರಿಸುವ ಜೀವಕೋಶಗಳು ಹೋಗಿ, ಅವುಗಳ ಜಾಗದಲ್ಲಿ ನಾರು ತುಂಬಿಕೊಂಡು ಆ ಭಾಗ ಗಟ್ಟಿಯಾಗುತ್ತದೆ, ಮೊಲೆ ಬತ್ತುತ್ತದೆ. ಕೆಚ್ಚಲನ್ನು ಗಟ್ಟಿ ಮಾಡಿದ್ದು ಹೊರಗಿನಿಂದ ಬಂದ ವಸ್ತುವಲ್ಲ. ಗಾಯಕ್ಕೆ ದೇಹವೇ ಕೊಟ್ಟ ಉತ್ತರ ಅದು.

ರಕ್ತನಾಳದಲ್ಲೂ ಹೆಚ್ಚುಕಡಿಮೆ ಇದೇ ಆಗುತ್ತದೆ. ಇಲ್ಲಿ ಗಾಯ ಮಾಡುವವು ಬೇರೆ. ಹೆಚ್ಚಿದ ರಕ್ತದೊತ್ತಡ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ತಂಬಾಕು, ಒಲೆಯ ಹೊಗೆ, ರಕ್ತದಲ್ಲಿ ಹೆಚ್ಚಾದ ಕೆಟ್ಟ ಕೊಲೆಸ್ಟ್ರಾಲ್ ಇವು ಒಳಪೊರೆಯನ್ನು ದಿನದಿನವೂ ದಣಿಸುತ್ತವೆ. ದಣಿದ ಒಳಪೊರೆ ನೈಟ್ರಿಕ್ ಆಕ್ಸೈಡ್ ಅನ್ನು ಕಡಿಮೆ ಮಾಡುತ್ತದೆ. ಅದರ ಕಾವಲು ಸಡಿಲವಾಗುತ್ತದೆ. ಆಗ ಕೊಲೆಸ್ಟ್ರಾಲ್ ಕಣಗಳು ಒಳಪೊರೆಯ ಹಿಂದಕ್ಕೆ ನುಸುಳಿ ಅಲ್ಲೇ ಉಳಿಯುತ್ತವೆ. ಅವನ್ನು ತಿಂದುಹಾಕಲು ಬಿಳಿ ರಕ್ತಕಣಗಳು ಬರುತ್ತವೆ. ತಿಂದು ತಿಂದು ಕೊಬ್ಬು ತುಂಬಿ, ನೊರೆಯಂತೆ ಉಬ್ಬಿ ಅಲ್ಲೇ ಬೀಳುತ್ತವೆ. ಹೀಗೆ ಗೋಡೆಯೊಳಗೆ ಒಂದು ಸಣ್ಣ ಗಡ್ಡೆ ಶುರುವಾಗುತ್ತದೆ.

ಇದು ಎಲ್ಲ ಕಡೆ ಒಂದೇ ಸಮ ಆಗುವುದಿಲ್ಲ. ನಾಳ ಕವಲೊಡೆಯುವಲ್ಲಿ, ತಿರುಗುವಲ್ಲಿ ಹೆಚ್ಚು. ಕಾಲುವೆಯಲ್ಲಿ ನೀರು ನೇರವಾಗಿ ಹರಿಯುವ ಕಡೆ ಹುಲ್ಲು ಒಂದೇ ದಿಕ್ಕಿಗೆ ಬಾಗಿರುತ್ತದೆ, ತಿರುವಿನಲ್ಲಿ ಸುಳಿ ಏಳುವ ಕಡೆ ದಿಕ್ಕಾಪಾಲಾಗಿರುತ್ತದೆ. ಒಳಪೊರೆಯ ಕೋಶಗಳೂ ಹಾಗೆಯೇ. ನೇರ ಹರಿವಿನಲ್ಲಿ ಸಾಲಾಗಿ ಜೋಡಿಸಿಕೊಂಡು ಆರೋಗ್ಯವಾಗಿರುತ್ತವೆ, ಸುಳಿಯಿರುವ ಕಡೆ ಬೇಗ ಸೋಲುತ್ತವೆ.

ಕಸುಬು ಬದಲಿಸುವ ಸ್ನಾಯು ಕೋಶ

ಇನ್ನು ನಡುವಿನ ಪದರದ ಸ್ನಾಯು ಕೋಶಗಳ ವಿಷಯ. ಸಾಮಾನ್ಯ ದಿನಗಳಲ್ಲಿ ಇವಕ್ಕೆ ಹಿಗ್ಗುವುದು, ಕುಗ್ಗುವುದು ಅಷ್ಟೇ ಕಸುಬು. ಪಕ್ಕದಲ್ಲಿ ಬಾವು ಎದ್ದಾಗ ಇವು ಆ ಕಸುಬು ಬಿಡುತ್ತವೆ. ಸಂಖ್ಯೆಯಲ್ಲಿ ಹೆಚ್ಚಾಗುತ್ತವೆ, ತಮ್ಮ ಪದರ ಬಿಟ್ಟು ಒಳಗಿನ ಗಡ್ಡೆಯ ಕಡೆ ಸರಿಯುತ್ತವೆ. ಅಲ್ಲಿ ಮೂರು ಬಗೆಯ ಕೆಲಸ ಹಿಡಿಯುತ್ತವೆ.

ಮೊದಲನೆಯದು, ನಾರು ನೇಯುವುದು. ಕೊಬ್ಬಿನ ಗಡ್ಡೆಯ ಮೇಲೆ ನಾರಿನ ಮುಚ್ಚಳ ಕಟ್ಟುತ್ತವೆ. ಇದು ನಮ್ಮ ಒಳ್ಳೆಯದಕ್ಕೇ ಮಾಡುವ ಕೆಲಸ. ಮುಚ್ಚಳ ಗಟ್ಟಿಯಿದ್ದಷ್ಟು ದಿನ ಗಡ್ಡೆ ಒಡೆಯುವುದಿಲ್ಲ.

ಎರಡನೆಯದು, ಕೊಬ್ಬು ತಿನ್ನುವುದು. ನೊರೆಯಂತೆ ಉಬ್ಬಿದ ಕೋಶಗಳೆಲ್ಲ ಬಿಳಿ ರಕ್ತಕಣಗಳೇ ಎಂದು ಮೊದಲು ತಿಳಿಯಲಾಗಿತ್ತು. ಮನುಷ್ಯರ ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವುಗಳಲ್ಲಿ ಅರ್ಧದಷ್ಟು ಗೋಡೆಯದೇ ಸ್ನಾಯು ಕೋಶಗಳು ಎಂದು ಕಂಡುಬಂತು.

ಮೂರನೆಯದು ಎಲ್ಲಕ್ಕಿಂತ ಆಶ್ಚರ್ಯದ್ದು. ಕೆಲವು ಸ್ನಾಯು ಕೋಶಗಳು ಮೂಳೆ ಕಟ್ಟುವ ಕೋಶಗಳ ಹಾಗೆ ವರ್ತಿಸತೊಡಗಿ ತಮ್ಮ ಸುತ್ತ ಸುಣ್ಣದಂಶ ಇಡುತ್ತವೆ. ದೇಹಕ್ಕೆ ಮೂಳೆ ಕಟ್ಟಲು ಹೇಳುವ ಒಂದು ಪ್ರೋಟೀನು ಮನುಷ್ಯರ ಕಾಯಿಲೆಬಿದ್ದ ರಕ್ತನಾಳದೊಳಗೇ ಇರುವುದನ್ನು ಅಮೆರಿಕದ ಲಾಸ್ ಏಂಜಲಿಸ್‌ನ ವಿಜ್ಞಾನಿಗಳು 1993ರಲ್ಲಿ ತೋರಿಸಿದರು. ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಕೊಬ್ಬಿನ ಗಡ್ಡೆ ಇಲ್ಲದ ಕಡೆಯೂ ನಡುವಿನ ಪದರ ಹೀಗೆ ಗಟ್ಟಿಯಾಗುವುದುಂಟು. ಗಟ್ಟಿಯಾದ ನಾಳ ಹೃದಯ ಬಡಿದಾಗ ಹಿಗ್ಗುವುದಿಲ್ಲ. ಆಗ ಬಿಪಿಯ ಮೇಲಿನ ಅಂಕಿ ಏರುತ್ತದೆ. ಏರಿದ ಬಿಪಿ ಒಳಪೊರೆಯನ್ನು ಇನ್ನಷ್ಟು ದಣಿಸುತ್ತದೆ.

ಹೃದಯಾಘಾತ ಆಗುವುದು ಸಾಮಾನ್ಯವಾಗಿ ಮೇಲಿನ ಮುಚ್ಚಳ ತೆಳುವಾಗಿ ಹರಿದಾಗ. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಿಮಿಷಗಳಲ್ಲಿ ದಾರಿ ಮುಚ್ಚುತ್ತದೆ. "ನಿನ್ನೆ ಸಂಜೆ ಡೈರಿಗೆ ಹಾಲು ಹಾಕಿ ಹೋದರು, ಬೆಳಿಗ್ಗೆ ಇಲ್ಲ" ಎಂಬ ಮಾತು ಕೇಳಿಬರುವುದು ಇದರಿಂದ. ಆ ಸಾವು ಒಂದೇ ರಾತ್ರಿಯಲ್ಲಿ ಬಂದಂತೆ ಕಾಣುತ್ತದೆ. ಗೋಡೆಯೊಳಗಿನ ಕೆಲಸ ಮಾತ್ರ ಹತ್ತು, ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತದೆ.

ಅರ್ಜೆಂಟೀನಾದ ಹಸುಗಳು ಕಲಿಸಿದ ಪಾಠ

"ಹಾಗಾದರೆ ಹಾಲಿನಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಎಲೆ-ಅಡಿಕೆಗೆ ಸುಣ್ಣ ಹಚ್ಚುತ್ತೇವಲ್ಲ, ಅದೇ ಹೋಗಿ ನಾಳಕ್ಕೆ ಅಂಟುತ್ತದೆಯೇ?" ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಪಶುವೈದ್ಯ ಶಾಸ್ತ್ರದಲ್ಲೇ ಇದೆ.

ದಕ್ಷಿಣ ಅಮೆರಿಕದ ಅರ್ಜೆಂಟೀನಾದ ತಗ್ಗು ಹುಲ್ಲುಗಾವಲುಗಳಲ್ಲಿ ಬದನೆ ಜಾತಿಯ ಒಂದು ಕಾಡುಗಿಡ ಬೆಳೆಯುತ್ತದೆ. ಅದರ ಉದುರಿದ ಎಲೆಗಳನ್ನು ಹುಲ್ಲಿನ ಜೊತೆ ತಿಂದ ಹಸುಗಳು ತಿಂಗಳುಗಳಲ್ಲಿ ಬಡಕಲಾಗುತ್ತವೆ, ಬೆನ್ನು ಬಾಗುತ್ತದೆ, ಕಾಲು ಸೆಟೆದು ಗೊರಸಿನ ತುದಿಯ ಮೇಲೆ ನಡೆಯುತ್ತವೆ. ಸತ್ತ ಹಸುವನ್ನು ಕೊಯ್ದು ನೋಡಿದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಸುಣ್ಣಗಟ್ಟಿ ಸೆಟೆದಿರುತ್ತದೆ. ಅಲ್ಲಿಯ ರೈತರು ಈ ಕಾಯಿಲೆಯನ್ನು ‘ಎಂಟೆಕೆ ಸೆಕೊ’ ಎನ್ನುತ್ತಾರೆ.

ಆ ಹಸುಗಳು ಸುಣ್ಣ ತಿಂದಿರಲಿಲ್ಲ. ಆ ಎಲೆಯಲ್ಲಿದ್ದುದು ವಿಟಮಿನ್ ‘ಡಿ’ಯ ಅತ್ಯಂತ ಚುರುಕಾದ ರೂಪ. ಇದನ್ನು ಸಾಮಾನ್ಯವಾಗಿ ಮೂತ್ರಪಿಂಡ ದೇಹಕ್ಕೆ ಬೇಕಾದಷ್ಟೇ ಅಳೆದು ತಯಾರಿಸುತ್ತದೆ. ಎಲೆಯ ಮೂಲಕ ಅಳತೆ ಮೀರಿ ಬಂದಾಗ ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ ಏರಿ, ಗೋಡೆಯ ಕೋಶಗಳಿಗೆ ಕಸುಬು ಬದಲಿಸುವ ಅಪ್ಪಣೆ ಹೋಗುತ್ತದೆ. ನಮ್ಮ ತೋಟಗಳಲ್ಲಿ ಬೆಳೆಸುವ ರಾತ್ರಿರಾಣಿಯ ಹತ್ತಿರದ ಬಂಧುವೊಂದಿದೆ, ಹಗಲು ಹೂಬಿಡುವ ಗಿಡ. ಅಮೆರಿಕದ ಫ್ಲಾರಿಡಾದಲ್ಲಿ ಅದನ್ನು ತಿಂದ ಹಸು, ಕುದುರೆಗಳಿಗೂ ಇದೇ ಕಾಯಿಲೆ ಬಂದಿತ್ತು. ಬೇಲಿಗೋ ಅಂದಕ್ಕೋ ನೆಟ್ಟ ಇಂಥ ಗಿಡಗಳ ಸವರಿದ ಸೊಪ್ಪನ್ನು ದನಕ್ಕೆ ಹಾಕಬೇಡಿ.

ಮನುಷ್ಯರಿಗೂ ಇದರಲ್ಲಿ ಪಾಠವಿದೆ. ಕೈಕಾಲು ನೋವೆಂದು ಔಷಧಿ ಅಂಗಡಿಯಿಂದ ವಿಟಮಿನ್ ‘ಡಿ’ ಸ್ಯಾಶೆ ತಂದು ತಿಂಗಳುಗಟ್ಟಲೆ ನೀವೇ ತೆಗೆದುಕೊಳ್ಳಬೇಡಿ, ಪದೇ ಪದೇ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಕೊರತೆ ಇರುವವರಿಗೆ ಅದು ಒಳ್ಳೆಯ ಔಷಧಿ. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಲಿ. ಕರು ಹಾಕಿದ ಹಸುವಿಗೆ ಹಾಲು ಜ್ವರ ಬಂದಾಗ ಕ್ಯಾಲ್ಸಿಯಂ ಬಾಟಲಿಯನ್ನು ನಾವು ನಿಧಾನವಾಗಿ, ಹೃದಯ ಬಡಿತ ಕೇಳುತ್ತಾ ಕೊಡುವುದನ್ನು ನೀವು ನೋಡಿದ್ದೀರಿ. ಅಳತೆಯಲ್ಲಿದ್ದರೆ ಜೀವ ಉಳಿಸುವುದು, ಮೀರಿದರೆ ಜೀವ ತೆಗೆಯುವುದು ಅದೇ ವಸ್ತು.

ಹಾಲು, ಮೊಸರು, ತುಪ್ಪ

ಹಾಲು ಒಕ್ಕೂಟದ ಪತ್ರಿಕೆಯಲ್ಲಿ ಹಾಲು ಒಳ್ಳೆಯದೆಂದು ಬರೆದರೆ ಯಾರಾದರೂ ನಂಬಲು ಹಿಂಜರಿಯಬಹುದು. ಆದ್ದರಿಂದ ತಿಳಿದಷ್ಟನ್ನೇ ಹೇಳುತ್ತೇನೆ. ಭಾರತವೂ ಸೇರಿ 21 ದೇಶಗಳ ಸುಮಾರು 1.36 ಲಕ್ಷ ಜನರ ಊಟದ ಲೆಕ್ಕ ಇಟ್ಟ ‘ಪ್ಯೂರ್’ ಎಂಬ ದೊಡ್ಡ ಅಧ್ಯಯನದ ವರದಿ 2018ರಲ್ಲಿ ಪ್ರಕಟವಾಯಿತು. ಹಾಲು, ಮೊಸರು ದಿನವೂ ಬಳಸುವವರಲ್ಲಿ ಹೃದ್ರೋಗ ಮತ್ತು ಲಕ್ವ ಹೆಚ್ಚಾಗಿರಲಿಲ್ಲ, ಬಳಸದವರಿಗಿಂತ ಕಡಿಮೆಯೇ ಇತ್ತು. ಇದರಿಂದ ಹಾಲು ಹೃದಯಕ್ಕೆ ಔಷಧಿ ಎಂದು ಸಾಬೀತಾಗುವುದಿಲ್ಲ. ಹಾಲಿನ ಕ್ಯಾಲ್ಸಿಯಂಗೆ ಹೆದರಬೇಕಾಗಿಲ್ಲ ಎಂದಷ್ಟು ಹೇಳಬಹುದು.

ತುಪ್ಪ, ಬೆಣ್ಣೆಯ ಮಾತು ಬೇರೆ. ಅವುಗಳಲ್ಲಿರುವ ಬಗೆಯ ಕೊಬ್ಬು ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಆರೋಗ್ಯವಾಗಿರುವವರು ದಿನಕ್ಕೊಂದು ಚಮಚ ಹಾಕಿಕೊಂಡರೆ ಚಿಂತೆಯಿಲ್ಲ. ಕೊಲೆಸ್ಟ್ರಾಲ್ ಹೆಚ್ಚಿರುವವರು, ಒಮ್ಮೆ ಹೃದಯಾಘಾತ ಆದವರು ವೈದ್ಯರು ಹೇಳಿದ ಅಳತೆ ಮೀರಬಾರದು. ಇನ್ನೊಂದು ಮಾತು. ಇದ್ದ ಹಾಲನ್ನೆಲ್ಲ ಡೈರಿಗೆ ಹಾಕಿ ನೀವು ಕರಿ ಚಹಾ ಕುಡಿಯಬೇಡಿ. ಮನೆಯ ಹೆಂಗಸರಿಗೂ ಒಂದು ಲೋಟ ಹಾಲೋ ಮಜ್ಜಿಗೆಯೋ ಉಳಿಯಲಿ.

ಹೆಣ್ಣುಮಕ್ಕಳು ಯಾಕೆ ಎಚ್ಚರವಾಗಿರಬೇಕು

ಹೃದಯದ ಕಾಯಿಲೆ ಗಂಡಸರದು ಎಂಬ ನಂಬಿಕೆ ಇದೆ. ಮುಟ್ಟು ನಿಲ್ಲುವವರೆಗೆ ಹೆಣ್ಣಿನ ದೇಹದ ಈಸ್ಟ್ರೋಜನ್ ಹಾರ್ಮೋನು ರಕ್ತನಾಳದ ಒಳಪೊರೆಗೆ ಆಸರೆಯಾಗಿರುತ್ತದೆ, ನೈಟ್ರಿಕ್ ಆಕ್ಸೈಡ್ ತಯಾರಿಸಲು ನೆರವಾಗುತ್ತದೆ. ಮುಟ್ಟು ನಿಂತ ಮೇಲೆ ಆ ಆಸರೆ ತಪ್ಪುತ್ತದೆ. ಬಿಪಿ ಏರುವುದು ಹೆಚ್ಚಾಗಿ ಆಗಲೇ. ಬಸುರಿಯಾಗಿದ್ದಾಗ ಬಿಪಿ ಏರಿದ್ದವರಿಗೆ, ಸಕ್ಕರೆ ಕಾಣಿಸಿಕೊಂಡಿದ್ದವರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚು. ಹೆರಿಗೆಯಾದ ಮೇಲೆ ಸರಿಹೋಯಿತೆಂದು ಮರೆಯಬೇಡಿ, ಅಂಥವರು ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸೌದೆ ಒಲೆಯ ಮುಂದೆ ಕೂರುವವರು ನೀವು, ಹೊಗೆ ಕುಡಿಯುವವರೂ ನೀವೇ. ಎಲೆ-ಅಡಿಕೆಯ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು ಹಾಕುವ ಅಭ್ಯಾಸ ಹೆಂಗಸರಲ್ಲೂ ಇದೆ. ಬೀಡಿ ಸೇದದಿದ್ದರೂ ಬಾಯಿಯಿಂದ ರಕ್ತಕ್ಕೆ ಹೋದ ತಂಬಾಕು ರಕ್ತನಾಳವನ್ನು ಕಾಡುತ್ತದೆ.

ಈಗ ಮಾಡಬೇಕಾದ್ದು

ಗುಪ್ತ ಕೆಚ್ಚಲು ಬಾವು ಕಣ್ಣಿಗೆ ಕಾಣುವುದಿಲ್ಲ. ಹಾಲು ನೋಡಲು ಸರಿಯಾಗಿಯೇ ಇರುತ್ತದೆ. ಸಿ.ಎಂ.ಟಿ. ತಟ್ಟೆಯಲ್ಲಿ ದ್ರಾವಣ ಬೆರೆಸಿದಾಗ ಲೋಳೆಯಾಗುವುದರಿಂದಲೇ ಗೊತ್ತಾಗುತ್ತದೆ. ರಕ್ತನಾಳಕ್ಕೆ ಅಂಥ ಸುಲಭದ ಪರೀಕ್ಷೆಯೆಂದರೆ ಬಿಪಿ ನೋಡಿಸುವುದು ಮತ್ತು ಸಕ್ಕರೆ ಪರೀಕ್ಷೆ.

• 30 ವರ್ಷ ದಾಟಿದ ಎಲ್ಲರೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಇದು ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

• ಬಿಪಿ ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಿ. ಮಾತ್ರೆ ಶುರುಮಾಡಿದ ಮೇಲೆ "ಈಗ ಸರಿಯಾಯಿತು" ಎಂದು ನೀವೇ ನಿಲ್ಲಿಸಬೇಡಿ. ಸರಿಯಾಗಿರುವುದು ಮಾತ್ರೆಯಿಂದಲೇ.

• ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದೇ ಲೆಕ್ಕಕ್ಕೆ ಸೇರುತ್ತದೆ.

• ಹೊಗೆಸೊಪ್ಪು, ಕಡ್ಡಿಪುಡಿ ಬಿಡಿ. ಗ್ಯಾಸ್ ಇದ್ದರೆ ಅದನ್ನೇ ಬಳಸಿ. ಹಂಡೆ ಒಲೆ, ಹುರುಳಿ ಬೇಯಿಸುವ ಒಲೆ ಮನೆಯ ಹೊರಗಿರಲಿ.

• ಮೇವು ಕೊಯ್ಯುವುದು, ಹೊರುವುದು, ಹಸು ಮೇಯಿಸಲು ನಡೆಯುವುದು ರಕ್ತನಾಳಕ್ಕೆ ಒಳ್ಳೆಯದು. ರಕ್ತ ರಭಸವಾಗಿ ಹರಿದಾಗ ಒಳಪೊರೆ ಹೆಚ್ಚು ನೈಟ್ರಿಕ್ ಆಕ್ಸೈಡ್ ಮಾಡುತ್ತದೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಬಂದ ಮನೆಗಳಲ್ಲಿ ನಡಿಗೆ ಕಡಿಮೆಯಾಗದಂತೆ ನೋಡಿಕೊಳ್ಳಿ.

ಈ ಲಕ್ಷಣಗಳಿದ್ದರೆ ಕಾಯಬೇಡಿ

ಎದೆ ಬಿಗಿತ, ಎಡಗೈಗೆ ಹರಿಯುವ ನೋವು ಹೆಂಗಸರಿಗೂ ಬರುತ್ತದೆ. ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ, ಕುತ್ತಿಗೆ, ಬೆನ್ನಿನ ಮೇಲ್ಭಾಗದಲ್ಲಿ ನೋವು, ಉಸಿರು ಸಾಲದಿರುವುದು, ತಣ್ಣನೆಯ ಬೆವರು, ವಾಂತಿ, ಎಂದೂ ಇಲ್ಲದ ಸುಸ್ತು ಕಾಣಿಸಬಹುದು. ಇದನ್ನು "ಗ್ಯಾಸ್ಟ್ರಿಕ್" ಎಂದು ಸೋಡಾ ಕುಡಿದು ಮಲಗಬೇಡಿ. ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಲಕ್ವದ ಲಕ್ಷಣ. ಎರಡರಲ್ಲೂ ತಕ್ಷಣ 108ಕ್ಕೆ ಕರೆ ಮಾಡಿ. ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುತ್ತಾರೆ. ಬೇಗ ಹೋದಷ್ಟೂ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ. ಸಹಕಾರ ಸಂಘಗಳ ಸದಸ್ಯರಿಗೆಂದೇ ಇರುವ ಯಶಸ್ವಿನಿ ಯೋಜನೆಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ಸಂಘದ ಕಾರ್ಯದರ್ಶಿಯವರನ್ನು ಇಂದೇ ಕೇಳಿಟ್ಟುಕೊಳ್ಳಿ.

ಮುಂದಿನ ಸಲ ಸಂಘದಲ್ಲಿ ಪಶು ಆರೋಗ್ಯ ಶಿಬಿರ ನಡೆಯುವಾಗ ಅದೇ ದಿನ ಬಿಪಿ, ಸಕ್ಕರೆ ಪರೀಕ್ಷೆಯೂ ಆಗುವಂತೆ ಆರೋಗ್ಯ ಕೇಂದ್ರದವರನ್ನು ಕರೆಯಬಹುದು. ಮಹಿಳಾ ಸಂಘಗಳ ನಿರ್ದೇಶಕಿಯರು ಇದನ್ನು ಸಭೆಯ ವಿಷಯಪಟ್ಟಿಗೆ ಸೇರಿಸಲಿ. ಹಸುವಿನ ಲಸಿಕೆ ಕಾರ್ಡು ತೆಗೆದಿಡುವ ಡಬ್ಬಿಯಲ್ಲೇ ನಿಮ್ಮ ಬಿಪಿ ಚೀಟಿಯೂ ಇರಲಿ.